ಕಿಲ್ಟ್ ಯಾರ ಸ್ವತ್ತು?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ನಮ್ಮಲ್ಲಿದೆ. ಉಡುಗೆ ಧರಿಸುವವನ ಮೈಮೇಲಿದ್ದರೂ ಅದರ ಅರ್ಥ ನೋಡುವವರ ಕಣ್ಣಿನಲ್ಲಿರುತ್ತದೆ ಎಂಬುದು ಅದರ ತಾತ್ಪರ್ಯ. ಆದರೆ ನೋಡುವವರಿಗಿಂತ ಹೆಚ್ಚಾಗಿ ಧರಿಸುವವರೇ ತಮ್ಮೊಳಗೆ ಕಾದಾಡುವ ಉಡುಗೆಯೊಂದಿದೆ. ಅದು ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ, ಮೊಣಕಾಲಿನವರೆಗೆ ಇಳಿಯುವ, ಹಿಂಬದಿಯಲ್ಲಿ ನಿರಿಗೆಗಳುಳ್ಳ ಕಿಲ್ಟ್.

ಮಗಳ ಸಂಸಾರ ಗ್ಲಾಸ್ಗೋದಲ್ಲಿರುವುದರಿಂದ ನಿವೃತ್ತಿಯ ನಂತರ ನಾನು ಮೂರು ಬಾರಿ ಅಲ್ಲಿಗೆ ಹೋಗಿ ಬಂದಿದ್ದೇನೆ. ಕಿಲ್ಟ್ ಧರಿಸುವವರಲ್ಲಿ ಎರಡು ಪಂಗಡಗಳಿವೆ ಎಂಬುದು ಮೊದಲ ಭೇಟಿಯಲ್ಲೇ ಅರಿವಿಗೆ ಬಂದಿತು. ಮೊದಲನೆಯವರನ್ನು ಮಡಿವಂತರೆನ್ನೋಣ. ಎಂಟು ಗಜ ಉಣ್ಣೆಯ ಬಟ್ಟೆ, ತಮ್ಮ ಕುಲದ ಚೌಕಳಿ ವಿನ್ಯಾಸವಾದ ಟಾರ್ಟನ್, ಮುಂದೆ ಇಳಿಬಿದ್ದ ಚರ್ಮದ ಚೀಲ, ಮೊಣಕಾಲಿನ ಕೆಳಗೆ ಮಡಿಸಿದ ಉಣ್ಣೆಯ ಕಾಲುಚೀಲ: ಇವುಗಳಲ್ಲಿ ಒಂದು ತಪ್ಪಿದರೂ ಅವರಿಗೆ ಅಪಚಾರ. ಎರಡನೆಯವರು ಸ್ವತಂತ್ರರು. ದಪ್ಪ ಹತ್ತಿಬಟ್ಟೆಯ, ಜೇಬುಗಳುಳ್ಳ ಕಿಲ್ಟಿನ ಮೇಲೆ ಟೀ ಶರ್ಟ್, ಕೆಳಗೆ ಬೂಟು ಧರಿಸಿ ನಿಶ್ಚಿಂತೆಯಿಂದ ಪೇಟೆಗೆ ಹೊರಡುತ್ತಾರೆ. ಅಮೆರಿಕದ ಸಿಯಾಟಲ್‌ನಲ್ಲಿ 2000ದ ಸುಮಾರಿಗೆ ಇಂತಹ ದುಡಿಮೆಯ ಕಿಲ್ಟುಗಳ ತಯಾರಿಕೆ ಆರಂಭವಾಯಿತು. ಮೊದಲನೆಯವರು ಎರಡನೆಯವರನ್ನು ವೇಷಧಾರಿಗಳೆನ್ನುತ್ತಾರೆ. ಎರಡನೆಯವರು ಮೊದಲನೆಯವರನ್ನು ವಸ್ತುಸಂಗ್ರಹಾಲಯದ ಗೊಂಬೆಗಳೆಂದು ಹಂಗಿಸುತ್ತಾರೆ.

ಇಬ್ಬರೂ ಸಾಕ್ಷಿಗೆ ಕರೆಯುವುದು ಚರಿತ್ರೆಯನ್ನೇ. ಚರಿತ್ರೆಯಾದರೋ ಯಾರ ಪರವಾಗಿಯೂ ಪೂರ್ತಿ ಸಾಕ್ಷಿ ನುಡಿಯುವುದಿಲ್ಲ. ಹದಿನಾರನೆಯ ಶತಮಾನದ ಕೊನೆಗೆ ಬೆಟ್ಟನಾಡಿನ ಹೈಲ್ಯಾಂಡರು ಉಡುತ್ತಿದ್ದುದು ಮೈಗೂ ಹೆಗಲಿಗೂ ಹೊದೆಯುವ ಉದ್ದನೆಯ ಕಂಬಳಿಯಂತಹ ವಸ್ತ್ರ. ಸೊಂಟದಿಂದ ಕೆಳಗಿನ ಭಾಗ ಮಾತ್ರ ಉಳಿದ ಇಂದಿನ ಸಣ್ಣ ಕಿಲ್ಟ್ ರೂಢಿಗೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಅದನ್ನು ರೂಪಿಸಿದವನು ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ಕಬ್ಬಿಣದ ಉದ್ಯಮಿ ಎಂದು ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ 1983ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ವಾದಿಸಿದರು. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಕುಲಕ್ಕೊಂದು ಟಾರ್ಟನ್ ಎಂಬ ನಿಯಮವೂ ಬಹುಪಾಲು ಹತ್ತೊಂಬತ್ತನೆಯ ಶತಮಾನದ್ದು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಸಂಭ್ರಮದಲ್ಲಿ ದೊರೆಯೂ ಕಿಲ್ಟ್ ಉಟ್ಟ. ಅಲ್ಲಿಯವರೆಗೆ ಬೆಟ್ಟನಾಡಿನವರ ಉಡುಗೆಯನ್ನು ಕೀಳಾಗಿ ಕಂಡಿದ್ದ ಬಯಲುಸೀಮೆಯ ಗಣ್ಯರೂ ದರ್ಜಿಗಳ ಬಾಗಿಲಿಗೆ ಧಾವಿಸಿದರು. ಕುಲಗಳ ಟಾರ್ಟನ್‌ಗಳಿಗೆ ಪ್ರಾಚೀನ ಆಧಾರವೆಂಬಂತೆ 1842ರಲ್ಲಿ ಹೊರಬಂದ ಗ್ರಂಥವೊಂದು ಕೃತ್ರಿಮವೆಂದು ಆಮೇಲೆ ತಿಳಿದುಬಂದಿತು.

ಹಾಗಾದರೆ ಸ್ವತಂತ್ರರ ವಾದವೇ ಗೆದ್ದಿತೇ? ಹಾಗೆ ತೀರ್ಮಾನಿಸುವುದು ಅವಸರವಾದೀತು. ಕಲೋಡನ್ ಕದನದ ನಂತರ ಬ್ರಿಟಿಷ್ ಸಂಸತ್ತು 1746ರ ಕಾಯಿದೆಯ ಮೂಲಕ ಹೈಲ್ಯಾಂಡ್ ಉಡುಗೆಯನ್ನೇ ನಿಷೇಧಿಸಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ, ಎರಡನೆಯದಕ್ಕೆ ಏಳು ವರ್ಷಗಳ ಗಡೀಪಾರು. ಸೇನೆಯಲ್ಲಿದ್ದವರಿಗಷ್ಟೇ ವಿನಾಯಿತಿ. ಈ ಕಾಯಿದೆ ರದ್ದಾದದ್ದು 1782ರಲ್ಲಿ. ಸೆರೆಮನೆಯ ಬೆದರಿಕೆಯನ್ನು ದಾಟಿ ಬಂದ ಬಟ್ಟೆಯನ್ನು ಮೊಮ್ಮಕ್ಕಳು ಬರಿಯ ಬಟ್ಟೆಯೆಂದು ಭಾವಿಸದಿದ್ದರೆ ಅಚ್ಚರಿಯೇನು?

ಈ ಉಡುಗೆಯ ಏಳುಬೀಳಿಗೆ ನಮ್ಮ ನೆಲದ ನಂಟೂ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟ ಸೇನೆಯಲ್ಲಿ 73 ಮತ್ತು 74ನೆಯ ಹೈಲ್ಯಾಂಡ್ ರೆಜಿಮೆಂಟುಗಳಿದ್ದವು. ದಾಳಿಯ ಮುಂದಾಳು ಡೇವಿಡ್ ಬೇರ್ಡ್ ಕೂಡ ಸ್ಕಾಟ್ಲೆಂಡಿನವನೇ. ಹತ್ತು ವರ್ಷಗಳ ನಂತರ, 1809ರಲ್ಲಿ, ಇವೆರಡೂ ಸೇರಿದಂತೆ ಆರು ರೆಜಿಮೆಂಟುಗಳಿಂದ ಕಿಲ್ಟನ್ನು ಹಿಂತೆಗೆದುಕೊಳ್ಳಲಾಯಿತು. ಆ ಉಡುಗೆಯಿಂದಾಗಿ ಹೊರಗಿನವರು ಸೇರಲು ಹಿಂಜರಿಯುತ್ತಾರೆ ಎಂಬುದು ಅಧಿಕಾರಿಗಳು ನೀಡಿದ ಕಾರಣ. ಪ್ರಜೆಗೆ ನಿಷಿದ್ಧ, ಸೈನಿಕನಿಗೆ ವಿಹಿತ. ಮುಂದೆ ಪ್ರಜೆಗೆ ಮುಕ್ತ, ಕೆಲವು ಸೈನಿಕರಿಗೆ ನಿಷಿದ್ಧ. ಸರ್ಕಾರಿ ಆದೇಶಗಳ ಈ ವಿಚಿತ್ರ ಗತಿಯನ್ನು ಕಂಡಾಗ ಆಡಳಿತದಲ್ಲಿದ್ದ ನನ್ನಂಥವನಿಗೆ ನಗು ಬಾರದಿರದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ತೋರುವುದಿಷ್ಟು. ಒಂದು ಉಡುಗೆಯ ಅರ್ಥವು ಊರ ಕೆರೆಯಿದ್ದಂತೆ. ಅದು ಎಲ್ಲರ ಸ್ವತ್ತು. ಹೂಳೆತ್ತುವವರು ಕೆಲವರು, ನೀರು ಬಳಸುವವರು ಹಲವರು. ಮಡಿವಂತರು ಹೂಳೆತ್ತುವವರು. ನಿರಿಗೆಗಳನ್ನು ಲೆಕ್ಕ ಹಾಕಿ ಕೈಯಿಂದ ಹೊಲಿಯುವ ಕುಶಲಕರ್ಮಿಗೆ ದುಬಾರಿ ಬೆಲೆ ತೆತ್ತು ಅವನ ಒಲೆ ಉರಿಯುವಂತೆ ನೋಡಿಕೊಳ್ಳುವವರು ಅವರೇ. ಎಡಿನ್‌ಬರೋದ ರಾಯಲ್ ಮೈಲ್ ಬೀದಿಯ ಅಂಗಡಿಗಳಲ್ಲಿ ತೂಗಾಡುವ ಕೃತಕ ನೂಲಿನ ಅಗ್ಗದ ಕಿಲ್ಟುಗಳೇ ಉಳಿದರೆ ಆ ವಿದ್ಯೆ ಒಂದೆರಡು ತಲೆಮಾರಿನಲ್ಲಿ ಅಳಿದೀತು. ಆದರೆ ಯಾರೂ ಬಳಸದ ಕೆರೆಯನ್ನು ಯಾರು ತಾನೇ ಕಾಪಾಡಿಯಾರು? 2024ರಲ್ಲಿ ಜರ್ಮನಿಯಲ್ಲಿ ನಡೆದ ಯುರೋ ಫುಟ್‌ಬಾಲ್ ಪಂದ್ಯಾವಳಿಗೆ ಕಿಲ್ಟ್ ಧರಿಸಿ ಬಂದ ಸಹಸ್ರಾರು ಅಭಿಮಾನಿಗಳಲ್ಲಿ ಎಷ್ಟು ಮಂದಿ ಮಡಿವಂತರ ಪರೀಕ್ಷೆಯಲ್ಲಿ ಉತ್ತೀರ್ಣರಾಗುತ್ತಿದ್ದರು? ಆದರೂ ಆ ಉಡುಗೆ ಮದುವೆಮನೆಯ ಬಾಡಿಗೆ ವಸ್ತುವಾಗಿ ಮುದುಡದಂತೆ ಬೀದಿಯಲ್ಲಿ ಜೀವಂತವಾಗಿಟ್ಟವರು ಇಂಥವರೇ.

ಮಗಳ ಸಹೋದ್ಯೋಗಿಯೊಬ್ಬರ ಮದುವೆಯಲ್ಲಿ ವರನ ಸೋದರಮಾವ ತಮ್ಮ ತಂದೆಯ ಕಾಲದ ಕಿಲ್ಟ್ ಧರಿಸಿದ್ದರು. ಅವರು ಹಿಂದೆ ಸೇನೆಯಲ್ಲಿದ್ದವರು. ವರನ ತಮ್ಮ ಜೇಬುಗಳುಳ್ಳ ಕಪ್ಪು ಹತ್ತಿಯ ಕಿಲ್ಟಿನಲ್ಲಿ ಬಂದ. ಮಾತಿಗೆ ಮಾತು ಬೆಳೆಯಬಹುದೆಂದು ಹತ್ತಿರದವರು ಆತಂಕದಿಂದಿದ್ದರು. ಊಟದ ಹೊತ್ತಿಗೆ ಆ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: ಆ ಜೇಬಿನಲ್ಲಿ ಏನೇನು ಹಿಡಿಸುತ್ತದೆ? ಹುಡುಗ ನಗುತ್ತಾ ಉತ್ತರಿಸಿ, ನಿಮ್ಮದನ್ನು ಹೊಲಿದವರು ಯಾರೆಂದು ಮರುಪ್ರಶ್ನೆ ಹಾಕಿದ. ಸೇನೆಯಲ್ಲಿ ಅದು ಸಮವಸ್ತ್ರ, ಅಲ್ಲಿ ನಿಯಮ ಬೇಕು. ಇಲ್ಲಿ ಮದುವೆ, ಹುಡುಗ ಬಂದನಲ್ಲ ಅಷ್ಟು ಸಾಕು ಎಂದು ಅವರು ನನಗೆ ಆಮೇಲೆ ಹೇಳಿದರು. ಸಂದರ್ಭಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ವಿವರಿಸುವುದು ಕಷ್ಟ.

ಸ್ಕಾಟ್ಲೆಂಡಿನ ಶಾಸನಸಭೆಯೂ ಇದೇ ವಿವೇಕವನ್ನು ತೋರಿದೆ. 2008ರ ಟಾರ್ಟನ್ ನೋಂದಣಿ ಕಾಯಿದೆಯಂತೆ ಮರುವರ್ಷ ಆರಂಭವಾದ ದಾಖಲೆಪುಸ್ತಕದಲ್ಲಿ ಹಳೆಯ ವಿನ್ಯಾಸಗಳಿಗೂ ಹೊಸದಾಗಿ ರಚಿಸಿದವುಗಳಿಗೂ ಸ್ಥಾನವಿದೆ. ಅಲ್ಲಿ ನೆಲೆಸಿರುವ ಸಿಖ್ಖರಿಗೂ ತಮ್ಮದೇ ಆದ ಟಾರ್ಟನ್ ಉಂಟು. ಯಾರು ಯಾವುದನ್ನು ಧರಿಸಬೇಕೆಂಬ ಗೋಜಿಗೆ ಆ ದಾಖಲೆ ಹೋಗುವುದಿಲ್ಲ. ಸರ್ಕಾರದ ಕೆಲಸ ದಾಖಲೆಯನ್ನು ಕಾಪಾಡುವುದೇ ಹೊರತು ಪರವಾನಗಿ ನೀಡುವುದಲ್ಲ ಎಂಬ ಈ ಅಂತರವನ್ನು ಅರಿತ ಆಡಳಿತ ಅಪರೂಪ.

ಉಳಿದದ್ದು ಧರಿಸುವವರ ಸೌಜನ್ಯಕ್ಕೆ ಸೇರಿದ್ದು. ಬಲ್ಲವನು ಕೇಳಿದಾಗ ಹೇಳಲಿ, ಕೇಳದಿದ್ದಾಗ ತಿದ್ದುವ ಚಪಲವನ್ನು ಬಿಡಲಿ. ಹೊಸಬನು ತನಗಿಷ್ಟವಾದಂತೆ ಉಡಲಿ, ಆದರೆ ಇನ್ನೊಬ್ಬನ ಅಜ್ಜನ ನೆನಪನ್ನು ನಗೆಪಾಟಲು ಮಾಡದಿರಲಿ. ಮೊದಲ ದಿನವೇ ಸ್ವಜನರಿಂದ ಅಪಹಾಸ್ಯಕ್ಕೊಳಗಾದ ತರುಣ ಮರುದಿನ ಪ್ಯಾಂಟಿಗೆ ಮರಳುತ್ತಾನೆ. ಮತ್ತೆ ಅತ್ತ ಸುಳಿಯುವುದಿಲ್ಲ. ಮೂವತ್ತಾರು ವರ್ಷಗಳ ಕಾಲ ಸೆರೆಮನೆಯನ್ನು ತೋರಿಸಿಯೂ ಸಂಸತ್ತಿಗೆ ಸಾಧ್ಯವಾಗದ್ದನ್ನು ಉಡುಗೆಯ ಅಭಿಮಾನಿಗಳೇ ತಮ್ಮ ನಾಲಗೆಯಿಂದ ಸಾಧಿಸಿಬಿಟ್ಟರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಬೇರೊಂದಿರಲಾರದು.