ಗುರುತಿಲ್ಲದ ಪೋರ್ಟುಗಳು

ಹೊಸ ಕಂಪ್ಯೂಟರಿಗೆ ಅತಿ ಅಗಲದ ಮಾನಿಟರ್ ಜೋಡಿಸಿದಾಗ ಅಕ್ಷರಗಳು ಅಡ್ಡಡ್ಡ ಹಿಗ್ಗಿದರೆ ಅಂಗಡಿಯವರು ಮೊದಲು ಶಂಕಿಸುವುದು ಗಿರಾಕಿಯ ವಯಸ್ಸನ್ನು! "ಸೆಟ್ಟಿಂಗ್ಸ್ ಸರಿಯಾಗಿ ನೋಡಿ ಸಾರ್" ಎಂಬ ಉಪದೇಶ ನನಗೂ ದೊರೆಯಿತು. ನೋಡಿಯಾಗಿತ್ತು. 3440×1440 ಎಂಬ ಆಯ್ಕೆಯೇ ಅಲ್ಲಿರಲಿಲ್ಲ. 16:9ರ ಚಿತ್ರವನ್ನು 21:9ರ ಪರದೆಗೆ ಎಳೆದರೆ ಅಗಲ ಸುಮಾರು ಮೂರನೇ ಒಂದರಷ್ಟು ಹಿಗ್ಗುತ್ತದೆ. ನಮ್ಮ ದುಂಡನೆಯ ಅನುಸ್ವಾರ ಮಲಗಿದ ಕೋಳಿಮೊಟ್ಟೆಯಾಗುತ್ತದೆ. ಎಚ್‌ಡಿಎಂಐ ಬಿಟ್ಟು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದೊಡನೆ ಆ ಆಯ್ಕೆ ಪ್ರತ್ಯಕ್ಷವಾಯಿತು.

ಹಾಗಾದರೆ ದೋಷ ಯಾರದು? 2009ರ ಎಚ್‌ಡಿಎಂಐ 1.4, 2013ರ 2.0 ಎರಡರ ಪೋರ್ಟಿಗೂ ಒಂದೇ ಆಕಾರ. ಮೊದಲನೆಯದರ ಗರಿಷ್ಠ ಹರಿವು ಸೆಕೆಂಡಿಗೆ 10.2 ಗಿಗಾಬಿಟ್, ಎರಡನೆಯದರದು 18. ಯುಎಸ್‌ಬಿ ಟೈಪ್-ಸಿಯ ಕಥೆ ಇನ್ನೂ ಸೊಗಸು: ಅದರಲ್ಲಿ ಚಿತ್ರ ಹರಿಸುವುದೂ ಬಿಡುವುದೂ ತಯಾರಕರ ಮರ್ಜಿ. ಹೊರಗೆ ಗುರುತು? ಎಷ್ಟೋ ಯಂತ್ರಗಳಲ್ಲಿ ಇಲ್ಲ.

ಬಿಸ್ಕತ್ತಿನ ಪೊಟ್ಟಣದ ಮೇಲೆ ನಿವ್ವಳ ತೂಕ ಅಚ್ಚಾಗಿರಬೇಕೆಂದು ಕಾನೂನು ಮಾಡಿದ ದೇಶದಲ್ಲಿ, ಅರ್ಧ ಲಕ್ಷದ ಯಂತ್ರದ ಪೋರ್ಟಿನ ಪಕ್ಕ ಎರಡು ಅಂಕಿ ಮುದ್ರಿಸಲು ಏನಡ್ಡಿ? ನನ್ನ ವಿದ್ಯಾರ್ಥಿಗಳಲ್ಲಿ ಇಂಥ ಯಂತ್ರಗಳನ್ನು ಮಾರುವವರೂ ಇದ್ದೀರಿ. ಹಿರಿಯರೊಬ್ಬರು ಬಂದು ಅಕ್ಷರ ಹಿಗ್ಗಿದೆ ಎಂದರೆ, ದಯವಿಟ್ಟು ಮೊದಲು ಪೋರ್ಟು, ಕೇಬಲುಗಳನ್ನು ಪರೀಕ್ಷಿಸಿರಿ.