ಕಾರ್ಡಲ್ಲ, ಕಾಯ್ದೆ ಬೇಕು

ಇಡಗುಂಜಿ ಎಂದರೆ ನಾಡಿಗೆಲ್ಲ ಗೊತ್ತು. ಗಣಪತಿಗೆ ಹಣ್ಣುಕಾಯಿ ಮಾಡಿಸಲು ಬೆಂಗಳೂರಿನಿಂದ ಕಾರು ಬರುತ್ತವೆ, ಮುಂಬಯಿಯಿಂದ ಕಾರು ಬರುತ್ತವೆ. ರಸ್ತೆ ಇದೆ, ಹತ್ತಿರದಲ್ಲೇ ಹೆದ್ದಾರಿ ಇದೆ. ಆದರೆ ಅದೇ ಇಡಗುಂಜಿಯ ಸುತ್ತಮುತ್ತ ಅಡಿಕೆ ತೋಟದಲ್ಲಿ ಕೂಲಿ ಮಾಡುವವನೊಬ್ಬ ಮರದಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರೆ ಅವನನ್ನು ಎಲ್ಲಿಗೆ ಒಯ್ಯಬೇಕು? ಮೊದಲು ಹೊನ್ನಾವರದ ತಾಲೂಕು ಆಸ್ಪತ್ರೆಗೆ. ಅಲ್ಲಿಂದ ಮುಂದೆ? "ಮಣಿಪಾಲಕ್ಕೆ ತಕಂಡು ಹೋಗಿ" ಅನ್ನುವ ಮಾತು ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಮಣಿಪಾಲ ನೂರು ಕಿಲೋಮೀಟರಿಗೂ ಮೇಲೆ. ಮಂಗಳೂರು ಅದರಾಚೆ. ಹುಬ್ಬಳ್ಳಿಗೆ ಹೋಗಬೇಕೆಂದರೆ ಘಟ್ಟ ಹತ್ತಬೇಕು. ಜಿಲ್ಲೆಯ ಒಂದೇ ಒಂದು ಸರ್ಕಾರಿ ವೈದ್ಯಕೀಯ ಕಾಲೇಜು 2016ರಲ್ಲಿ ಕಾರವಾರದಲ್ಲಿ ಶುರುವಾಯಿತು. ಅದೂ ಹೊನ್ನಾವರದಿಂದ ಸುಮಾರು ತೊಂಬತ್ತು ಕಿಲೋಮೀಟರು.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಹೊರಟಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಇಡೀ ದೇಶ ಆ ವಿಡಿಯೋ ನೋಡಿತು. ಮಳೆ, ಜಾರುವ ರಸ್ತೆ, ಟೋಲಿನವರ ತಪ್ಪು ಅಂತ ಚರ್ಚೆ ನಡೆಯಿತು. ಆದರೆ ಆ ಆಂಬುಲೆನ್ಸ್ ಇನ್ನೊಂದು ಜಿಲ್ಲೆಗೆ ಓಡಬೇಕಾಗಿ ಬಂದದ್ದು ಯಾಕೆ? ಜಿಲ್ಲೆಯ ಯುವಕರು ಈ ಪ್ರಶ್ನೆಯನ್ನು 2019ರಲ್ಲೂ ಕೇಳಿದ್ದರು, 2022ರಲ್ಲಿ ಮತ್ತೆ ಗಟ್ಟಿಯಾಗಿ ಕೇಳಿದರು. ಭರವಸೆಗಳು ಬಂದವು. ಭರವಸೆಗೆ ಬರ ಯಾವತ್ತೂ ಇಲ್ಲ.

ಈ ಪ್ರಶ್ನೆ ಕೇಳಿದಾಗೆಲ್ಲ ಆಳುವವರು ಒಂದೇ ಉತ್ತರ ಕೊಡುತ್ತಾರೆ: "ನಿಮಗೆ ಕಾರ್ಡು ಕೊಟ್ಟಿದೀವಲ್ಲ." ಹಾಗಾದರೆ ಆ ಕಾರ್ಡನ್ನೇ ಒಮ್ಮೆ ತಿರುಗಿಸಿ ನೋಡೋಣ.

2003ರಲ್ಲಿ ಯಶಸ್ವಿನಿ ಬಂತು. ಅದು ಸಹಕಾರ ಸಂಘದ ಸದಸ್ಯರಿಗೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. ಅದು ಬಡತನದ ರೇಖೆಯ ಕೆಳಗಿನವರಿಗೆ. 2018ರ ಮಾರ್ಚಿನಲ್ಲಿ ಆರೋಗ್ಯ ಕರ್ನಾಟಕ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಉಳಿದವರಿಗೆ ಸರ್ಕಾರ ಗೊತ್ತುಮಾಡಿದ ದರದಲ್ಲಿ ಶೇ. 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ.

ಇದರಿಂದ ಏನೂ ಆಗಿಲ್ಲ ಅಂತ ನಾವು ಹೇಳುವುದಿಲ್ಲ. ಸುಳ್ಳು ಹೇಳಿ ಹೋರಾಟ ಕಟ್ಟಲಾಗದು. ಆರೋಗ್ಯಶ್ರೀ ಬಂದಿದ್ದ ಹಳ್ಳಿಗಳನ್ನೂ ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿದ ಒಂದು ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಸತ್ತವರು ಯೋಜನೆ ಇದ್ದ ಕಡೆ ಬಡ ಮನೆಗಳಲ್ಲಿ ಶೇ. 0.32, ಇಲ್ಲದ ಕಡೆ ಶೇ. 0.90. ಅಂದರೆ ದುಡ್ಡಿನ ಚಿಂತೆ ತಪ್ಪಿದರೆ ಬಡವರ ಜೀವ ಉಳಿಯುತ್ತದೆ. ಇದು ನಮ್ಮ ವಾದಕ್ಕೇ ಬಲ. ಇಷ್ಟು ಚೂರು ಕೊಟ್ಟರೇ ಇಷ್ಟು ಜೀವ ಉಳಿಯುವುದಾದರೆ ಪೂರ್ತಿ ಹಕ್ಕು ಕೊಟ್ಟರೆ ಎಷ್ಟು ಉಳಿದೀತು?

ಈಗ ಕಾರ್ಡಿನ ಇನ್ನೊಂದು ಮಗ್ಗುಲು. ಕಾರ್ಡು ಆಸ್ಪತ್ರೆಯ ಒಳಗಿನ ಬಿಲ್ಲಿಗೆ ಮಾತ್ರ ಮಾತಾಡುತ್ತದೆ. ಜೊತೆಗೆ ಹೋದವರ ಬಸ್ಸಿನ ದುಡ್ಡು, ಊಟದ ದುಡ್ಡು ಯಾರು ಕೊಡುತ್ತಾರೆ? ಗಂಡ ಮಲಗಿದ್ದಾನೆ, ಹೆಂಡತಿ ಪಕ್ಕದಲ್ಲಿ ಕೂತಿದ್ದಾಳೆ. ಇಬ್ಬರ ಕೂಲಿಯೂ ಹೋಯಿತು. ಹದಿನೈದು ದಿನ ಬಿಟ್ಟು ಮನೆಗೆ ಬಂದರೆ ಒಲೆ ಹೊತ್ತಿಸಲು ಸಾಲ. ಆ ಸಾಲ ಯಾರ ಹತ್ತಿರ? ಅದೇ ತೋಟದ ಒಡೆಯರ ಹತ್ತಿರ. ಸಾಲ ತೀರುವತನಕ ಅಲ್ಲೇ ದುಡಿಮೆ. ಜೀತ ಸತ್ತಿದೆ ಅಂತಾರೆ. ಅದು ಆಸ್ಪತ್ರೆಯ ಹಿತ್ತಲ ಬಾಗಿಲಿನಿಂದ ಮತ್ತೆ ಕೇರಿಗೆ ಬರುತ್ತಾ ಇದೆ.

ದಿನಾ ನುಂಗುವ ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಹಾಸಿಗೆ ಹಿಡಿಯದೆ ನಡೆದಾಡುತ್ತಲೇ ತೆಗೆದುಕೊಳ್ಳುವ ಚಿಕಿತ್ಸೆ, ಇವು ಕಾರ್ಡಿನ ಲೆಕ್ಕಕ್ಕೆ ಹೆಚ್ಚುಕಡಿಮೆ ಬರುವುದೇ ಇಲ್ಲ. ದೊಡ್ಡ ಕಾಯಿಲೆ ಆದ ಮೇಲೆ ಬಾ ಅನ್ನುತ್ತದೆ ಕಾರ್ಡು. ಆಗಲೂ ನಿಯಮ ಹೀಗೆ: ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ಶಿಫಾರಸು ಚೀಟಿ ಕೊಡಬೇಕು. ಆಮೇಲೆ ಖಾಸಗಿಗೆ. ತುರ್ತು ಎಂದು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ ಚೀಟಿ ಬೇಡ. ನಿಯಮ ಓದಿದರೆ ಸರಿಯಾಗೇ ಇದೆ. ಸರ್ಕಾರಿ ಆಸ್ಪತ್ರೆಯೇ ಮೊದಲ ಮೆಟ್ಟಿಲು ಆಗಬೇಕು, ಅದಕ್ಕೆ ನಮ್ಮ ಒಪ್ಪಿಗೆ ಇದೆ. ಆದರೆ ಮೆಟ್ಟಿಲೇ ಮುರಿದ ಕಡೆ ಏನು ಮಾಡುವುದು? ತಜ್ಞ ವೈದ್ಯರ ಕುರ್ಚಿ ಖಾಲಿ ಬಿದ್ದ ಊರಲ್ಲಿ ಸರ್ಕಾರಿ ಆಸ್ಪತ್ರೆ ಅನ್ನುವುದು ಚೀಟಿ ಬರೆಯುವ ಕಚೇರಿ ಆಗಿಬಿಡುತ್ತದೆ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕಾರ್ಡು ಯೋಜನೆ. ಯೋಜನೆ ಅಂದರೆ ಸರ್ಕಾರದ ಒಂದು ಆದೇಶ. ಇವತ್ತು ಬರೆದದ್ದನ್ನು ನಾಳೆ ತಿದ್ದಬಹುದು. 2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದಲ್ಲಿ ಕರಗಿಸಿದರು. ಕೂಗೆದ್ದ ಮೇಲೆ 2023ರ ಜನವರಿಯಿಂದ ಅದರಲ್ಲಿ ಮತ್ತೆ ಚಿಕಿತ್ಸೆ ಶುರುವಾಯಿತು. ಮರಳಿ ಬಂದ ಯಶಸ್ವಿನಿಯಲ್ಲಿ ಪರಿಶಿಷ್ಟರ ವಂತಿಗೆಯನ್ನು ಸರ್ಕಾರವೇ ಕಟ್ಟುತ್ತದೆ. ಸಂತೋಷ. ಆದರೆ ಸಹಕಾರ ಸಂಘದ ಸದಸ್ಯತ್ವವೇ ಇಲ್ಲದ ಭೂಹೀನ ಕೂಲಿಗೆ ಆ ಬಾಗಿಲು ತೆರೆಯುವುದು ಹೇಗೆ?

2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾದವು. ಗದ್ದಲ ಆದ ಮೇಲೆ ಸರ್ಕಾರ ಹಿಂದೆ ಸರಿಯಿತು. ಅಕ್ಕಿಯ ಗಲಾಟೆ ಅಂತ ಎಲ್ಲರೂ ತಿಳಿದರು. ಅದು ಅಕ್ಕಿಗೆ ಮಾತ್ರ ಸಂಬಂಧಿಸಿದ್ದಲ್ಲ. ಬಿಪಿಎಲ್ ಕಾರ್ಡು ಕೈತಪ್ಪಿದರೆ 5 ಲಕ್ಷದ ಚಿಕಿತ್ಸೆ ಶೇ. 30ಕ್ಕೆ ಇಳಿಯುತ್ತದೆ. ಕಂಪ್ಯೂಟರಿನ ಮುಂದೆ ಕೂತ ಯಾರೋ ಒಬ್ಬರ ಬೆರಳು ನಮ್ಮ ತಂದೆತಾಯಿಯ ಜೀವದ ಬೆಲೆ ಕಟ್ಟುತ್ತದೆ. ಪಕ್ಕದ ಗೋವಾವನ್ನೂ ನೋಡಿ. ಕಾರವಾರದ ಕಡೆಯ ಜನ ಬಾಂಬೋಳಿಯ ಸರ್ಕಾರಿ ಆಸ್ಪತ್ರೆಯನ್ನು ನಂಬಿಕೊಂಡಿದ್ದರು. 2018ರ ಜನವರಿಯಿಂದ ಗೋವಾ ಸರ್ಕಾರ ಹೊರರಾಜ್ಯದವರಿಗೆ ಶುಲ್ಕ ಹಾಕಿತು. ಅವರ ಆಸ್ಪತ್ರೆ, ಅವರ ಆದೇಶ. ನಾವು ಕೇಳಲು ಬರುವುದಿಲ್ಲ. ದಯೆಯ ಮೇಲೆ ನಿಂತದ್ದು ಯಾವಾಗ ಬೇಕಾದರೂ ಕುಸಿಯುತ್ತದೆ.

ಕಾಯ್ದೆ ಆದರೆ ಏನು ವ್ಯತ್ಯಾಸ ಆಗುತ್ತದೆ ಅಂತ ಕೇಳುವವರಿಗೆ ನಮ್ಮ ದೇಶದಲ್ಲೇ ಉತ್ತರ ಇದೆ. 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ಇದ್ದದ್ದು ಬಾಬಾಸಾಹೇಬರ ಕೈಯಲ್ಲಿ. ಆ ಕಾಲದಲ್ಲೇ, 1943ರಲ್ಲಿ, ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ವರದಿ ಮಾಡಲು ಪ್ರೊಫೆಸರ್ ಅಡಾರ್ಕರ್ ನೇಮಕವಾದದ್ದು. 1944ರಲ್ಲಿ ವರದಿ ಬಂತು. 1948ರಲ್ಲಿ, ಜಗಜೀವನರಾಂ ಕಾರ್ಮಿಕ ಮಂತ್ರಿ ಆಗಿದ್ದಾಗ, ನೌಕರರ ರಾಜ್ಯ ವಿಮಾ ಕಾಯ್ದೆ ಆಯಿತು. ನಾವು ಇ.ಎಸ್.ಐ. ಅನ್ನುತ್ತೇವಲ್ಲ, ಅದು. ಈಗ 2025ರ ನವೆಂಬರ್ 21ರಿಂದ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ.

ಇ.ಎಸ್.ಐ.ಯಲ್ಲಿ ಏನಿದೆ ನೋಡಿ. ಮಾಲೀಕ ವಂತಿಗೆ ಕಟ್ಟಲೇಬೇಕು. ಸಣ್ಣ ಜ್ವರಕ್ಕೂ ಔಷಧಿ ಉಂಟು. ಅದರದೇ ಆಸ್ಪತ್ರೆಗಳಿವೆ. ಕೊಡದಿದ್ದರೆ ಕೇಳಲು ನ್ಯಾಯಾಲಯ ಇದೆ. ಎಲ್ಲಕ್ಕಿಂತ ಮುಖ್ಯ, ಕಾಯಿಲೆ ಬಿದ್ದ ದಿನಗಳಿಗೆ ಕೂಲಿಯ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಕಾಯಿಲೆ ಬಿದ್ದವನ ಮನೆಯ ಒಲೆಯನ್ನೂ ಆ ಕಾಯ್ದೆ ನೆನಪಿಟ್ಟಿದೆ.

ಆದರೆ ಇದು ಯಾರಿಗೆ? ಕಾರ್ಖಾನೆ, ಅಂಗಡಿ, ಸಂಸ್ಥೆಗಳಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರು ಇರುವವರಿಗೆ. ಗದ್ದೆಯಲ್ಲಿ ನಾಟಿ ಮಾಡುವವಳಿಗೆ ಇಲ್ಲ. ಅಡಿಕೆ ಕೊನೆ ಇಳಿಸುವವನಿಗೆ ಇಲ್ಲ. ಶರಾವತಿಯಲ್ಲಿ ಮುಳುಗಿ ಚಿಪ್ಪು ತೆಗೆಯುವವನಿಗೆ ಇಲ್ಲ. ಮುಕ್ರಿ, ಹಳ್ಳೇರ, ಆಗೇರ ಕೇರಿಗಳಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರಿರುವವರು ಎಷ್ಟು ಮಂದಿ? ನೀವೇ ಲೆಕ್ಕ ಹಾಕಿ. ಹಾಲಕ್ಕಿಗಳ ಕೊಪ್ಪದಲ್ಲಿ, ಮೀನುಗಾರರ ಕೇರಿಯಲ್ಲಿ ಲೆಕ್ಕ ಹಾಕಿದರೂ ಉತ್ತರ ಅಷ್ಟೇ. ದುಡಿಯುವ ಜನರಲ್ಲೂ ಎರಡು ಪಂಕ್ತಿ ಮಾಡಿದ್ದಾರೆ. ಒಂದು ಪಂಕ್ತಿಗೆ ಹಕ್ಕು, ಇನ್ನೊಂದು ಪಂಕ್ತಿಗೆ ಕಾರ್ಡು. ಹೊರಗಿನ ಪಂಕ್ತಿ ನಮಗೆ ಹೊಸದೇನಲ್ಲ.

ನಮ್ಮ ರಾಜ್ಯದಲ್ಲಿ ಕಾಯ್ದೆ ಇಲ್ಲವೇ ಇಲ್ಲ ಅಂತಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. 2017ರಲ್ಲಿ ಆರೋಗ್ಯ ಮಂತ್ರಿ ರಮೇಶ್ ಕುಮಾರ್ ಅದಕ್ಕೆ ಗಟ್ಟಿ ತಿದ್ದುಪಡಿ ತರಲು ಹೊರಟರು. ಖಾಸಗಿ ಆಸ್ಪತ್ರೆಗಳ ದರಕ್ಕೆ ಕಡಿವಾಣ, ರೋಗಿಯ ಹಕ್ಕುಗಳ ಸನ್ನದು, ದೂರು ಕೇಳಲು ಸಮಿತಿ. ಆ ನವೆಂಬರಿನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಕಡೆಗೆ ಬೆಳಗಾವಿ ಅಧಿವೇಶನದಲ್ಲಿ ಪಾಸಾದದ್ದು ಮೆತ್ತಗಾದ ಮಸೂದೆ. ದರ ಕಟ್ಟುವ ಅಧಿಕಾರ ಸರ್ಕಾರಿ ಯೋಜನೆಯ ರೋಗಿಗಳ ಮಟ್ಟಿಗೆ ನಿಂತುಹೋಯಿತು. ವೈದ್ಯರಿಗೆ ಸಂಘ ಇತ್ತು, ಗೆದ್ದರು. ರೋಗಿಗಳಿಗೆ ಸಂಘ ಎಲ್ಲಿದೆ?

ಆದರೂ ಅದರಲ್ಲಿ ಉಳಿದದ್ದನ್ನು ತಿಳಿದುಕೊಳ್ಳಿ. ತುರ್ತು ಸ್ಥಿತಿಯಲ್ಲಿ ಬಂದ ರೋಗಿಯ ಹತ್ತಿರ ಮುಂಗಡ ಹಣ ಕಟ್ಟು ಅಂತ ಪಟ್ಟು ಹಿಡಿಯುವಂತಿಲ್ಲ. ರೋಗಿ ಸತ್ತರೆ ಬಾಕಿ ಬಿಲ್ಲಿಗಾಗಿ ಹೆಣ ತಡೆದಿಡುವಂತಿಲ್ಲ. ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ದೂರು ಕೇಳುವ ಪ್ರಾಧಿಕಾರ ಇರಬೇಕು. ಇಷ್ಟು ಕಾಗದದ ಮೇಲೆ ನಮ್ಮದು. ನಮ್ಮ ಕೇರಿಯಲ್ಲಿ ಇದು ಎಷ್ಟು ಜನಕ್ಕೆ ಗೊತ್ತು?

ಸರ್ಕಾರಿ ಆಸ್ಪತ್ರೆಯ ಮಾತು ಬಂದರೆ ಪಶ್ಚಿಮ ಬಂಗಾಳದ ಒಬ್ಬ ಕೃಷಿ ಕೂಲಿಯನ್ನು ನೆನೆಯಬೇಕು. ಹೆಸರು ಹಕೀಂ ಶೇಖ್. 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆ ಇಲ್ಲ, ಸೌಕರ್ಯ ಇಲ್ಲ ಅಂತ ಹಿಂದಕ್ಕೆ ಕಳಿಸಿತು. ಕಡೆಗೆ ಖಾಸಗಿಯಲ್ಲಿ ಹದಿನೇಳು ಸಾವಿರ ರೂಪಾಯಿ ತೆತ್ತು ಬದುಕಿದ. ಅವನ ಕೂಲಿಕಾರರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ತೀರ್ಪು ಬಂತು. ಸಕಾಲಕ್ಕೆ ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಉಲ್ಲಂಘನೆ, ದುಡ್ಡಿಲ್ಲ ಅನ್ನುವ ನೆಪ ಸರ್ಕಾರಕ್ಕೆ ಇಲ್ಲ ಎಂದಿತು ಕೋರ್ಟು. 25,000 ರೂಪಾಯಿ ಪರಿಹಾರ ಕೊಡಿಸಿತು. ಗಮನಿಸಿ, ಒಬ್ಬ ಕೂಲಿಯ ಹಿಂದೆ ಸಂಘ ಇದ್ದದ್ದರಿಂದ ಇಡೀ ದೇಶದ ಬಡವರಿಗೆ ಆ ತೀರ್ಪು ಸಿಕ್ಕಿತು.

ತೀರ್ಪು ಬಂದು ಮೂರು ದಶಕ ಆಯಿತು. ಅದನ್ನು ಕಾಯ್ದೆ ಮಾಡಲು ರಾಜಸ್ಥಾನ 2023ರ ಮಾರ್ಚಿನಲ್ಲಿ ಮುಂದೆ ಬಂತು. ಆರೋಗ್ಯದ ಹಕ್ಕಿಗೆ ಕಾಯ್ದೆ ಮಾಡಿದ ಮೊದಲ ರಾಜ್ಯ ಅದು. ಅಲ್ಲೂ ಖಾಸಗಿ ವೈದ್ಯರು ಬೀದಿಗೆ ಇಳಿದರು, ಅಲ್ಲೂ ರಾಜಿ ಆಯಿತು. ಆದರೂ "ಹಕ್ಕು" ಅನ್ನುವ ಅಕ್ಷರ ಕಾಯ್ದೆಯ ಪುಸ್ತಕ ಸೇರಿತು. ಗೇಣಿದಾರರಿಗೆ ಭೂಮಿ ಕೊಡುವ ಕಾಯ್ದೆ ಮಾಡಿದ ಕರ್ನಾಟಕ ಇದರಲ್ಲಿ ಯಾಕೆ ಹಿಂದೆ?

ನಮಗೆ ಬೇಕಾದ ಕಾಯ್ದೆಯಲ್ಲಿ ನಾಲ್ಕು ಮಾತು ಇರಬೇಕು. ಒಂದು, ತುರ್ತು ಚಿಕಿತ್ಸೆಗೆ ಯಾವ ಕಾರ್ಡೂ ಕೇಳಬಾರದು. ಎರಡು, ತಲೆಗೆ ಪೆಟ್ಟಾದವರಿಗೆ, ಎದೆನೋವು ಬಂದವರಿಗೆ, ಹೆರಿಗೆಯಲ್ಲಿ ಕಷ್ಟ ಆದವರಿಗೆ ಇಷ್ಟು ಹೊತ್ತಿನೊಳಗೆ ತಲುಪುವ ದೂರದಲ್ಲಿ ಸರ್ಕಾರಿ ಆಸ್ಪತ್ರೆ ಇರಬೇಕು ಅಂತ ಬರೆದಿರಬೇಕು. ಇಲ್ಲದ ಕಡೆ ಸಾಗಿಸುವ ಖರ್ಚು ಸರ್ಕಾರದ್ದು. ಮೂರು, ಚಿಕಿತ್ಸೆ ಆಗದು ಅಂದರೆ ಕಾರಣವನ್ನು ಬರೆದು, ಸಹಿ ಹಾಕಿ ಕೊಡಬೇಕು. ನಾಲ್ಕು, ಕೃಷಿ ಕೂಲಿ ಕಾಯಿಲೆ ಬಿದ್ದ ದಿನಗಳಿಗೆ ಕೂಲಿ ಭತ್ಯೆ ಇರಬೇಕು, ಕಾರ್ಖಾನೆಯವರಿಗೆ ಇದ್ದ ಹಾಗೆ.

"ದುಡ್ಡು ಎಲ್ಲಿಂದ ತರೋದು? ಕಾಯ್ದೆ ಮಾಡಿದ ಕೂಡಲೇ ಡಾಕ್ಟರು ಹುಟ್ಟುತ್ತಾರಾ?" ಅಂತ ಕೇಳುವವರು ನಮ್ಮೊಳಗೇ ಇದ್ದಾರೆ. ದುಡ್ಡು ಈಗಲೂ ಖರ್ಚಾಗುತ್ತಾ ಇದೆ. ನಮ್ಮ ಕಾರ್ಡಿನ ಹೆಸರಲ್ಲಿ ಅದು ಖಾಸಗಿ ಆಸ್ಪತ್ರೆಗಳಿಗೂ ಹೋಗುತ್ತಿದೆ. ಅದರಿಂದ ನಮ್ಮ ತಾಲೂಕಿನಲ್ಲಿ ಒಂದು ಹಾಸಿಗೆಯೂ ಹೆಚ್ಚಾಗುವುದಿಲ್ಲ. ಡಾಕ್ಟರು ಹುಟ್ಟುವುದಿಲ್ಲ ನಿಜ, ಓದಿಸಿದರೆ ಆಗುತ್ತಾರೆ. ಕಾರವಾರದ ಕಾಲೇಜಿನಲ್ಲಿ ಓದಿ ಹೊರಬರುವವರಲ್ಲಿ ಹಾಸ್ಟೆಲಿನ ಮಕ್ಕಳೂ ಇರಬೇಕು. ಅವರು ಬಿಳಿ ಕೋಟು ಹಾಕಿದ ದಿನ ಕೇರಿಯ ದಾರಿ ಮರೆಯದಿದ್ದರೆ ಸಾಕು.

ಹಾಸ್ಟೆಲಿನ ಗೆಳೆಯರೇ, ಕಾಯ್ದೆ ಆಗುವತನಕ ಕೂತಿರಬೇಕಾಗಿಲ್ಲ. ಈ ರಜೆಯಲ್ಲಿ ಮಾಡುವ ಕೆಲಸ ಇದೆ. ಮನೆಮನೆಗೆ ಹೋಗಿ. ಯಾರ ರೇಷನ್ ಕಾರ್ಡು ಸರಿ ಇದೆ, ಯಾರ ಹೆಸರು ಬಿಟ್ಟುಹೋಗಿದೆ, ಯಾರ ಆಧಾರಿನ ಹೆಸರು ತಾಳೆ ಆಗುತ್ತಿಲ್ಲ, ಪಟ್ಟಿ ಮಾಡಿ. ಕಟ್ಟಡ ಕೆಲಸಕ್ಕೆ ಹೋಗುವವರು ವರ್ಷದಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಿ. ಅಲ್ಲಿ ವೈದ್ಯಕೀಯ ನೆರವು ಉಂಟು. ಯಾರನ್ನಾದರೂ ಆಸ್ಪತ್ರೆಯಿಂದ ಹಿಂದಕ್ಕೆ ಕಳಿಸಿದರೆ ದಿನ, ಹೊತ್ತು, ಹೇಳಿದ ಕಾರಣ ಎಲ್ಲ ಬರೆದಿಡಿ. ಬರೆದದ್ದನ್ನು ಜಿಲ್ಲಾಧಿಕಾರಿಗೆ ಅರ್ಜಿ ಮಾಡಿ, ಸ್ವೀಕೃತಿ ಸಹಿ ಹಾಕಿಸಿಕೊಂಡು ಬನ್ನಿ. ಒಂದು ಅರ್ಜಿಯನ್ನು ಬುಟ್ಟಿಗೆ ಹಾಕಬಹುದು. ಒಂದು ತಾಲೂಕಿನ ಇನ್ನೂರು ಅರ್ಜಿಯನ್ನು ಹಾಕಲಾರರು.

ನಮ್ಮ ಅಪ್ಪಂದಿರು ಆಸ್ಪತ್ರೆಯ ಬಾಗಿಲಲ್ಲಿ ಕೈಮುಗಿದು ನಿಂತರು, ಯಾಕೆಂದರೆ ಕೇಳಲು ಅವರ ಕೈಯಲ್ಲಿ ಅಕ್ಷರ ಇರಲಿಲ್ಲ. ನಮ್ಮ ಕೈಯಲ್ಲಿದೆ. ಮುಂದಿನ ಸಭೆಗೆ ಬರುವಾಗ ಆ ಪಟ್ಟಿ ತನ್ನಿ.

ಜೈ ಭೀಮ್.