ಕ್ರೆಡಿಟ್ ಕಾರ್ಡಿನ ಬಹುಮಾನ: ಲಾಭವೆಷ್ಟು?

ಬಹುಮಾನದ ಅಂಕಗಳಿಗೆ ಮನಸೋತು ಕ್ರೆಡಿಟ್ ಕಾರ್ಡ್ ಪಡೆಯುವ ಮುನ್ನ ನಾವು ಅದರ ವಾರ್ಷಿಕ ಶುಲ್ಕವನ್ನು ತೂಗಿ ನೋಡುವುದು ಅಗತ್ಯ. ಶುಲ್ಕ 2,500 ರೂಪಾಯಿ ಎಂದಿಟ್ಟುಕೊಂಡರೆ, ಶೇ. 18ರ ಜಿಎಸ್‌ಟಿ ಸೇರಿ 2,950 ರೂಪಾಯಿಯಾಗುತ್ತದೆ. ನೂರು ರೂಪಾಯಿ ಖರೀದಿಗೆ ಒಂದು ರೂಪಾಯಿ ಮೌಲ್ಯದ ಅಂಕ ದೊರೆತರೂ, ಶುಲ್ಕ ಮರಳಿ ಕೈಸೇರಲು ವರ್ಷಕ್ಕೆ 2,95,000 ರೂಪಾಯಿ ವ್ಯಯಿಸಬೇಕು. ಕೊಂಕಣ ರೈಲಿನಲ್ಲಿ ಊರಿಗೆ ಹೋಗಿಬರುವ ಮುಂಬಯಿಯ ಕುಟುಂಬಕ್ಕೆ ವಿಮಾನ ನಿಲ್ದಾಣದ ಲಾಂಜ್ ಸೌಲಭ್ಯದಿಂದ ಪ್ರಯೋಜನವೇನು?

ಬಾಕಿ ಉಳಿಸಿಕೊಂಡರಂತೂ ಗಳಿಸಿದ ಅಂಕಗಳನ್ನು ಬಡ್ಡಿಯೇ ನುಂಗುತ್ತದೆ. ಶೇ. 30ಕ್ಕೂ ಮಿಗಿಲಾದ ಬಡ್ಡಿ ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ನೀಡಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ರದ್ದುಪಡಿಸಿದೆ. ಆದುದರಿಂದ ಎಚ್ಚರಿಕೆಯ ಹೊಣೆ ನಮ್ಮದೇ. ಬೇಡವಾದ ಕಾರ್ಡಿನ ಬಾಕಿ ತೀರಿಸಿ ರದ್ದತಿ ಕೋರಿದರೆ, ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದಂತೆ ಬ್ಯಾಂಕು ಏಳು ಕೆಲಸದ ದಿನಗಳೊಳಗೆ ಅದನ್ನು ಮುಚ್ಚಬೇಕು. ತಪ್ಪಿದಲ್ಲಿ ದಿನಕ್ಕೆ 500 ರೂಪಾಯಿ ದಂಡವನ್ನು ಗ್ರಾಹಕನಿಗೆ ತೆರಬೇಕು.